ಕಿವಿಯೋಲೆ ತೊಟ್ಟ ಅವಕೆಂಪು ಶೋಧಕ

ಮಾಗಡಿಯಿಂದ ರಾಮನಗರಕ್ಕೆ ಹೋಗುವ ರಸ್ತೆಯ ಎಡಕ್ಕಿರುವ ಗೂಗೆಕಲ್ಲು ಬೆಟ್ಟದ ವೀಕ್ಷಣಾಲಯದಲ್ಲಿ, ದೂರದರ್ಶಕದ ಹಿಂಬದಿಗೆ ಅಳವಡಿಸಲಾಗಿರುವ ಅವಕೆಂಪು ಶೋಧಕವು ಕಾನೂನಿನ ಪ್ರಕಾರ ಒಂದು ಹಸು. ಈ ಬಗ್ಗೆ ಯಾರದೂ ತಕರಾರಿಲ್ಲ. ಅದಕ್ಕೆ ಕಿವಿಯೋಲೆಯಿದೆ, ವಿಮೆಯಿದೆ, ಒಡತಿಯಿದ್ದಾಳೆ, ಕಾಲುಬಾಯಿ ಜ್ವರದ ಲಸಿಕೆಯೂ ಆಗಿದೆ. ಹೀಗಿದ್ದರೂ ನಿನ್ನೆ ಪತ್ರಿಕೆಯವರೊಬ್ಬರು ಬೆಟ್ಟ ಹತ್ತಿ ಬಂದು "ಇದೇನ್ರೀ ತಮಾಷೆ?" ಎಂದು ಕೇಳಿದ್ದರಿಂದ, ಇಲ್ಲಿನ ಕಚೇರಿ ಅಧೀಕ್ಷಕನಾದ ರುದ್ರಪ್ರಸಾದ್ ಎಂಬ ನಾನು ನಡೆದದ್ದನ್ನು ನಡೆದ ಹಾಗೆ ತಿಳಿಸಬೇಕಾಗಿ ಬಂದಿದೆ. ನಮ್ಮ ಕಚೇರಿಯಲ್ಲಿ ತಮಾಷೆಗೆ ಅವಕಾಶ ಕಲ್ಪಿಸಿರುವುದಿಲ್ಲ.

ಅವಕೆಂಪು ಶೋಧಕ ಎಂದರೆ ಜನ ಇನ್‌ಫ್ರಾರೆಡ್ ಡಿಟೆಕ್ಟರ್ ಅನ್ನುತ್ತಾರಲ್ಲ, ಅದೇ. ಆಕಾಶದಲ್ಲಿ ಕಣ್ಣಿಗೆ ಕಾಣುವ ಬೆಳಕನ್ನಲ್ಲ, ಬಿಸಿಯನ್ನು ನೋಡುವ ಯಂತ್ರ. ನಮ್ಮಲ್ಲಿದ್ದ ಹಳೆಯದಕ್ಕೆ ಪೊರೆ ಬಂದ ಹಾಗಾಗಿತ್ತು. ಅದನ್ನು ಮೇಲ್ದರ್ಜೆಗೇರಿಸಿ ಕೊಡಿ ಎಂದು ನಮ್ಮ ವಿಜ್ಞಾನಿ ಶ್ರುತಿ ಮೇಡಂ ವರ್ಷಗಟ್ಟಲೆ ಅರ್ಜಿ ಬರೆದಿದ್ದರು. ಅವರು ದೂರದವರೇನಲ್ಲ, ಮಾಗಡಿ ತಾಲ್ಲೂಕಿನ ಕಲ್ಯದವರು. ಅಷ್ಟು ಓದಿಯೂ ಊರಿನ ಹತ್ತಿರವೇ ಇರುತ್ತೇನೆಂದು ಈ ಬೆಟ್ಟಕ್ಕೆ ಬಂದವರು. ಅವರಿಗೆ ಅವಸರವೊಂದಿತ್ತು. ಒಂದು ಧೂಮಕೇತು ಬರುತ್ತಿತ್ತು.

"ಮಾಘ ಮಾಸದಲ್ಲಿ ಹತ್ತಿರ ಬರುತ್ತೆ ಸರ್," ಎಂದು ಅವರು ನನಗೆ ವಿವರಿಸಿದ್ದರು. "ಬರಿಗಣ್ಣಿಗೆ ಕಾಣಲ್ಲ. ಅದರ ಸುತ್ತ ಇರೋ ಧೂಳು ಬಿಸಿಯಾದಾಗ ಅದರಲ್ಲಿ ಏನೇನಿದೆ ಅಂತ ಈ ಡಿಟೆಕ್ಟರ್‌ಗೆ ಮಾತ್ರ ಗೊತ್ತಾಗೋದು. ನಾನು ಪಿಎಚ್‌ಡಿ ಮಾಡಿದ್ದೇ ಇದರ ದಾರಿ ಲೆಕ್ಕ ಹಾಕಿ. ಹೋಯ್ತು ಅಂದ್ರೆ ಹೋಯ್ತು. ಮತ್ತೆ ಬರೋ ಹೊತ್ತಿಗೆ ಈ ರಾಮನಗರದ ಬೆಟ್ಟಗಳೇ ಸವೆದಿರ್ತವೆ."

"ಆ ವೇಳೆಗೆ ನನ್ನ ನಿವೃತ್ತಿಯಾಗಿರುತ್ತದೆ ಮೇಡಂ," ಎಂದು ನಾನು ತಿಳಿಸಿದೆ.

ಆಯುಧಪೂಜೆಯ ಹೊತ್ತಿಗೆ ಹೊಸ ಶೋಧಕ ಹೊರದೇಶದಿಂದ ಬಂದಿಳಿಯಿತು. ನಿರ್ದೇಶಕರಾದ ಚನ್ನಲಿಂಗಪ್ಪನವರು ಅದಕ್ಕೆ ಸ್ವಹಸ್ತದಿಂದ ವಿಭೂತಿ ಹಚ್ಚಲು ಹೋದರು. ಶ್ರುತಿ ಮೇಡಂ ಅಡ್ಡ ನಿಂತು, ಹಚ್ಚುವುದಾದರೆ ಡಬ್ಬಿಗೆ ಹಚ್ಚಿ, ಕಣ್ಣಿಗೆ ಬೇಡ ಎಂದು ಬೇಡಿಕೊಂಡರು. ಉಕ್ಕಿನ ಗಡಿಗೆಯಂಥ ಡಬ್ಬಿ, ಎತ್ತಲು ಎರಡು ಹಿಡಿ. ಕುಂಬಳಕಾಯಿ ಒಡೆದು, ಸಿಹಿ ಹಂಚಿ, ಇನ್ನೇನು ಚಾಲೂ ಮಾಡಬೇಕು ಎನ್ನುವಾಗ ಗೊತ್ತಾದದ್ದು: ಇದನ್ನು ಸೊನ್ನೆಗಿಂತ ಸುಮಾರು ಇನ್ನೂರು ಡಿಗ್ರಿ ಕೆಳಗಿನ ಚಳಿಯಲ್ಲಿ ಇಡಬೇಕು. ಇಲ್ಲದಿದ್ದರೆ ಅದಕ್ಕೆ ತನ್ನ ಮೈಯ ಬಿಸಿಯೇ ಕಾಣುತ್ತದೆ, ಜ್ವರ ಬಂದವನು ಬೇರೆಯವರ ಹಣೆ ಮುಟ್ಟಿ ನೋಡಿದ ಹಾಗೆ. ಆ ಚಳಿಗೆ ದ್ರವ ಸಾರಜನಕ ಬೇಕು.

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸಾರಜನಕ ಮಾರುತ್ತಾರೆ, ತರಿಸೋಣ ಎಂದರು ಶ್ರುತಿ ಮೇಡಂ. ನಾನು ನಿಯಮ ತೋರಿಸಿದೆ. ಜಿಲ್ಲೆಯೊಳಗೆ ಸರ್ಕಾರಿ ಮೂಲದಿಂದ ದೊರೆಯುವ ಯಾವುದೇ ವಸ್ತುವನ್ನು ಖಾಸಗಿಯವರಿಂದ ಕೊಳ್ಳತಕ್ಕದ್ದಲ್ಲ. ದ್ರವ ಸಾರಜನಕವು ಸರ್ಕಾರಿ ಮೂಲದಿಂದ ಧಾರಾಳವಾಗಿ ದೊರೆಯುತ್ತಿತ್ತು. ಹೋರಿಗಳ ವೀರ್ಯವನ್ನು ಸಣ್ಣ ನಳಿಕೆಗಳಲ್ಲಿ ತುಂಬಿ, ಅದರಲ್ಲಿ ಮುಳುಗಿಸಿ, ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸಲು ಊರೂರಿಗೆ ಒಯ್ಯುತ್ತಾರಲ್ಲ, ಆ ಕ್ಯಾನಿನಲ್ಲಿರುವುದು ಇದೇ ಸಾರಜನಕ. ಬೆಟ್ಟದ ಬುಡದ ಗೂಗೆಕಲ್ಲುದೊಡ್ಡಿಯಲ್ಲೇ ಅದರ ವಿತರಣಾ ಉಪಕೇಂದ್ರವಿತ್ತು. ಪಶು ಪರೀಕ್ಷಕ ಮರಿಯಪ್ಪ ಅದರ ಮುಖ್ಯಸ್ಥ, ಅಧೀನ ಸಿಬ್ಬಂದಿ ಹಾಗೂ ಕಾವಲುಗಾರ.

"ಕೊಡಕ್ಕೆ ನಂಗೇನ್ ಬ್ಯಾನೆ ಸಾರ್?" ಎಂದ ಮರಿಯಪ್ಪ. "ಆದ್ರೆ ಹಸಿಗೆ ಮಾತ್ರ ಕೊಡಬೇಕು ಅಂತ ರೂಲ್ಸು ಐತೆ. ನಿಮ್ಮತ್ರ ಹಸ ಐತಾ?"

"ಯಂತ್ರವಿದೆ."

"ಯಂತ್ರದ ಕಾಲಂ ಇಲ್ವಲ್ಲ ಸಾರ್ ನನ್ ಮೊಬೈಲ್‌ನಾಗೆ. ಹಸ, ಎಮ್ಮೆ, ಎರಡೇ ಇರೋದು."

ನಾನು ಆ ನಿಯಮಾವಳಿಯನ್ನು ಇಸಿದುಕೊಂಡು ಮನೆಗೆ ಹೋಗಿ ಓದಿದೆ. ಒಳ್ಳೆಯ ನಿಯಮಾವಳಿ ಓದುವುದೆಂದರೆ ನನಗೆ ಮೊದಲಿನಿಂದಲೂ ಪ್ರೀತಿ. 'ಮನೆ ಬಾಗಿಲಿಗೆ ಸಾರಜನಕ' ಎಂಬ ಯೋಜನೆಯ ಏಳನೇ ನಿಯಮ ಹೀಗಿತ್ತು: 'ವಿದೇಶಿ ಉನ್ನತ ತಳಿಯ ರಾಸು ಇದ್ದಲ್ಲಿ, ಸದರಿ ರಾಸು ಫಲ ಕಟ್ಟುವವರೆಗೆ, ಪ್ರತಿ ಮಾಹೆ ಒಂದು ತುಂಬಿದ ಕ್ಯಾನನ್ನು ಮಾಲೀಕರ ಬಾಗಿಲಿಗೇ ತಲುಪಿಸತಕ್ಕದ್ದು. ರಾಸು ಎಂದರೆ ಕಿವಿಯೋಲೆ ಹೊಂದಿರುವ ರಾಸು.' ಇದಿಷ್ಟೇ. ನಾಲ್ಕು ಕಾಲಿರಬೇಕು, ಬಾಲವಿರಬೇಕು ಎಂದು ಎಲ್ಲಿಯೂ ಹೇಳಿರಲಿಲ್ಲ. ನಮ್ಮದು ವಿದೇಶದ್ದು. ಉನ್ನತ ಎನ್ನುವುದರಲ್ಲೂ ಅನುಮಾನವಿಲ್ಲ, ಬೆಟ್ಟದ ಮೇಲೇ ಇತ್ತು. ಕೊರತೆಯಿದ್ದದ್ದು ಕಿವಿಯೋಲೆ ಒಂದೇ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಎಂದು ಜನ ನಮ್ಮಂಥವರನ್ನು ಆಡಿಕೊಳ್ಳುತ್ತಾರೆ. ಅದರಲ್ಲಿ ಆಡಿಕೊಳ್ಳುವುದು ಏನಿದೆಯೋ ನನಗೆ ತಿಳಿಯದು. ಮೊದಲು ಕಟ್ಟಿಹಾಕಬೇಕು, ವಿಚಾರಣೆ ಆಮೇಲೆ. ಆಡಳಿತ ಎಂದರೆ ಅದೇ.

ಇನ್ನೊಂದು ತೊಡಕಿತ್ತು. ರಾಸಿನ ಮಾಲೀಕರು ಊರಿನ ಹಾಲಿನ ಸಂಘದ ಸದಸ್ಯರಾಗಿರಬೇಕು, ಸಂಸ್ಥೆಗಳಿಗೆ ಸದಸ್ಯತ್ವವಿಲ್ಲ. ಆದಕಾರಣ ಕಚೇರಿಯ ಅಂಗಳ ಗುಡಿಸಲು ಬರುತ್ತಿದ್ದ, ಸ್ವಂತಕ್ಕೆ ಒಂದು ಎಚ್ಚೆಫ್ ಸೀಮೆಹಸುವಿದ್ದ ಕಾವೇರಮ್ಮನ ಹೆಸರಿಗೆ ಶೋಧಕವನ್ನು ಮಾಡಿಸಲಾಯಿತು. ಕಾವೇರಮ್ಮ ಬಂದು ಅದರ ಸುತ್ತ ಒಂದು ಸಲ ತಿರುಗಿ, ತಣ್ಣನೆಯ ಉಕ್ಕನ್ನು ಸವರಿದಳು.

"ಪಾಪ, ಬಾಯಿಲ್ಲ, ಬಾಲಿಲ್ಲ. ಏನ್ ತಿಂತದೆ ಸಾರ್ ಇದು?"

"ಚಳಿ ತಿನ್ನುತ್ತದೆ," ಎಂದರು ಶ್ರುತಿ ಮೇಡಂ, ನಗುತ್ತ.

"ಸಗಣಿ ಹಾಕಲ್ವಲ್ಲ, ಅಷ್ಟೇ ಸಾಕು ಬುಡು ಮಗ," ಎಂದು ಕಾವೇರಮ್ಮ ಒಪ್ಪಿಕೊಂಡಳು.

ಮರಿಯಪ್ಪ ಇಕ್ಕಳ ತಂದು ಎಡಗಡೆಯ ಹಿಡಿಯನ್ನು ಎಡಗಿವಿಯೆಂದು ಪರಿಗಣಿಸಿ ಹಳದಿ ಓಲೆ ಹಾಕಿದ. ಬಣ್ಣ: ಬೂದಿ. ಕೊಂಬು: ಇಲ್ಲ. ಗುಣ: ಸಾಧು. ಫೋಟೋ ತೆಗೆಯುವಾಗ ಒಡತಿಯು ರಾಸಿನ ಪಕ್ಕ ನಿಲ್ಲಬೇಕಾಗಿತ್ತು, ಕಾವೇರಮ್ಮ ತಲೆ ತುಂಬ ಸೆರಗು ಹೊದ್ದು ನಿಂತಳು. ಮಾರನೇ ದಿನವೇ ಮೊದಲ ಕ್ಯಾನು ಬಂತು.

ಆಮೇಲಿನ ದಿನಗಳು ನಮ್ಮ ಕೇಂದ್ರದ ಸುವರ್ಣಯುಗ. ಶೋಧಕ ಅದ್ಭುತವಾಗಿ ನೋಡತೊಡಗಿತು. ದೂರದಲ್ಲಿ ಸೂಜಿಮೊನೆಯಷ್ಟು ಕಾಣುತ್ತಿದ್ದ ಧೂಮಕೇತುವನ್ನು ಗುರುತು ಹಿಡಿದ ದಿನ ಶ್ರುತಿ ಮೇಡಂ ಆ ಚಿತ್ರ ಹಿಡಿದುಕೊಂಡು ನನ್ನ ಮೇಜಿನ ತನಕ ಓಡಿ ಬಂದಿದ್ದರು. "ನೋಡಿ ಸರ್, ಇದೇ! ನಾನು ಹೇಳಿದ ಜಾಗದಲ್ಲೇ ಇದೆ!" ಅವರ ಕಣ್ಣಲ್ಲಿ ನೀರಿತ್ತು. ಹತ್ತಿರ ಬಂದಾಗಲೇ ಅಸಲು ಕೆಲಸ, ಮಾಘದಲ್ಲಿ, ಎಂದರು. ನನಗೂ ಸಂತೋಷವಾಯಿತು. ಚಿತ್ರದ ಮೇಲೆ ಆವಕ ಸಂಖ್ಯೆ ಹಾಕಿಕೊಟ್ಟೆ.

ರಾಸಿಗೆ ಬರಬೇಕಾದ ಸವಲತ್ತುಗಳೂ ಬರತೊಡಗಿದವು. ನಿಯಮದಂತೆ ಅವು ಕಾವೇರಮ್ಮನವು. ಆದರೆ ರಾಸು ಸರ್ಕಾರಿ ಕಟ್ಟಡದಲ್ಲಿ ವಾಸವಾಗಿದ್ದುದರಿಂದ ನಿರ್ದೇಶಕರು ಅವುಗಳ ನಿರ್ವಹಣೆಯ ಭಾರವನ್ನು ತಾವೇ ಹೊತ್ತರು. ರಬ್ಬರ್ ಮ್ಯಾಟು ಅವರ ಕೊಠಡಿಗೆ ಹೋಯಿತು, ಮಂಡಿನೋವಿಗೆ ಅನುಕೂಲವಂತೆ. ಕೊಟ್ಟಿಗೆ ಸಹಾಯಧನದಲ್ಲಿ ತಗಡಿನ ಚಪ್ಪರವೆದ್ದಿತು. ಅದರಡಿ ಅವರ ಕಾರು ನಿಲ್ಲುತ್ತದೆ. ಖನಿಜ ಮಿಶ್ರಣದ ಪೊಟ್ಟಣಗಳನ್ನು ಬಿಡದಿಯಲ್ಲಿರುವ ಅವರ ಷಡ್ಡಕರ ತೋಟದ ಮನೆಗೆ ಕಳಿಸಲಾಯಿತು. ಅವರಲ್ಲಿ ನಿಜವಾದ ಹಸುಗಳಿದ್ದವು, ಪಾಪ ಅವಕ್ಕೆ ಕಿವಿಯೋಲೆಯಿರಲಿಲ್ಲ. ಕಾವೇರಮ್ಮನ ಪಾಲಿಗೆ ಒಂದು ಹಗ್ಗ ಬಂತು. ಅವಳು ಅದನ್ನು ತಂದು ಶೋಧಕಕ್ಕೇ ಕಟ್ಟಿ, "ರಾಸು ಅಂದ್‌ಮ್ಯಾಲೆ ಕತ್ತು ಬರಿದಾಗಿರಬಾರ್ದು," ಅಂದಳು.

ಪುಷ್ಯ ಮಾಸದ ಕೊನೆಯಲ್ಲಿ ಮರಿಯಪ್ಪ ಮುಖ ಸಪ್ಪಗೆ ಮಾಡಿಕೊಂಡು ಬಂದ. ಪ್ರತಿ ಕ್ಯಾನಿನ ಜೊತೆ ಅವನು ಒಂದೊಂದು ಗರ್ಭಧಾರಣೆ ದಾಖಲಿಸುತ್ತಿದ್ದ, ದಾಖಲಿಸದೆ ಕ್ಯಾನು ಬಿಡುವಂತಿರಲಿಲ್ಲ. ಮೂರು ಸಲ ಆಗಿತ್ತು.

"ಮೂರು ಸಲ ಇಂಜೆಕ್ಷನ್ ಆದ್ರೂ ಗಬ್ಬ ಆಗ್ನಿಲ್ಲ ಅಂದ್ರೆ ಬರಡು ರಾಸು ಅಂತ ಬಂದ್ಬುಡ್ತದೆ ಸಾರ್. ಮುಂದಿನ ವಾರ ಚನ್ನಪಟ್ಟಣದಾಗೆ ಬರಡು ರಾಸು ಶಿಬಿರ. ಲಾರಿ ಮ್ಯಾಲೆ ಹೊಡ್ಕೊಂಡ್ ಬರಬೇಕು. ಡಾಕ್ಟ್ರು ಒಳಕ್ಕೆ ಕೈ ಹಾಕಿ ನೋಡ್ತಾರೆ."

ಶ್ರುತಿ ಮೇಡಂ ಹೌಹಾರಿದರು. "ಕೈ ಹಾಕೋದಾ! ಅದರೊಳಗೆ ಒಂದು ಧೂಳಿನ ಕಣ ಹೋದ್ರೂ ಮುಗೀತು. ಬಿಚ್ಚಿದ್ರೆ ಮತ್ತೆ ಕೂರಿಸೋಕೆ ಎರಡು ತಿಂಗಳು ಬೇಕು. ಧೂಮಕೇತು ಹೋಗಿಬಿಡುತ್ತೆ."

"ಅದಕ್ಕೇ ಮೇಡಮ್ಮೋರೆ, ನೀವೇನೂ ಯೋಚ್ನೆ ಮಾಡ್ಬ್ಯಾಡಿ," ಎಂದು ಮರಿಯಪ್ಪ ಮೊಬೈಲು ತೆಗೆದ. "ಗಬ್ಬ ಆಗೈತೆ ಅಂತ ಒತ್ತುಬುಡ್ತೀನಿ. ಶಿಬಿರನೂ ಇಲ್ಲ, ಲಾರಿನೂ ಇಲ್ಲ. ನಂಗೂ ಮಾರ್ಚಿ ಟಾರ್ಗೆಟ್ಟು ಒಸಿ ಕಮ್ಮಿ ಬಿದ್ದಿತ್ತು."

ಎಲ್ಲರೂ ನಿಟ್ಟುಸಿರು ಬಿಟ್ಟರು. ಮೇಡಂ ಮರಿಯಪ್ಪನಿಗೆ ಎರಡೆರಡು ಸಲ ಥ್ಯಾಂಕ್ಸ್ ಹೇಳಿದರು. ಉತ್ತಮ ಅಧಿಕಾರಿಯೊಬ್ಬ ಸಮಸ್ಯೆಯನ್ನು ಎಷ್ಟು ಸರಳವಾಗಿ ಬಗೆಹರಿಸುತ್ತಾನೆಂದು ನಾನು ಮೆಚ್ಚಿಕೊಂಡೆ. ಕಾವೇರಮ್ಮ ಶೋಧಕಕ್ಕೆ ದೃಷ್ಟಿ ತೆಗೆದು ಮೆಣಸಿನಕಾಯಿಯನ್ನು ದೂರ ಒಯ್ದು ಸುಟ್ಟಳು. ಹತ್ತಿರ ಸುಟ್ಟರೆ ಯಂತ್ರಕ್ಕೆ ಆಗದೆಂದು ಅವಳಿಗೂ ತಿಳಿದಿತ್ತು.

ಮಾಘ ಬಂತು. ಧೂಮಕೇತು ಬಂತು. ಕ್ಯಾನು ಬರಲಿಲ್ಲ.

ನಾನೂ ಮೇಡಮ್ಮೂ ಇಳಿದುಹೋಗಿ ವಿಚಾರಿಸಿದೆವು. ಮರಿಯಪ್ಪ ತುಂಬಿದ ಕ್ಯಾನುಗಳ ನಡುವೆ ಕೂತಿದ್ದ.

"ಅದು ಗಬ್ಬದ ಹಸ ಅಲ್ವಾ ಮೇಡಮ್ಮೋರೆ? ಗಬ್ಬದ ಹಸಿಗೆ ಯಾರಾರೂ ಇಂಜೆಕ್ಷನ್ ಹಾಕ್ತಾರಾ? ಫಲ ಕಟ್ಟೋಗಂಟ ಅಂತ ರೂಲ್ಸೇ ಐತೆ. ನಾನು ಒತ್ತುದ್ರೂ ಮೊಬೈಲ್ ತಗಳಲ್ಲ. ಕೆಂಪಗೆ ತೋರಿಸ್ತದೆ."

"ಮರಿಯಪ್ಪ, ಅದು ಗಬ್ಬ ಅಲ್ಲ ಅಂತ ನಿಮಗೇ ಗೊತ್ತು!"

"ನಂಗೊತ್ತು ಅಂತ ಗೌರ್ಮೆಂಟಿಗೆ ಗೊತ್ತಿಲ್ವಲ್ಲ ಮೇಡಂ."

ನನಗೆ ಇದರಲ್ಲಿ ದೋಷವೇನೂ ಕಾಣಲಿಲ್ಲ. ಏಳನೇ ನಿಯಮವನ್ನು ನಾನೇ ಓದಿದ್ದೆ. ಆದರೆ ಶ್ರುತಿ ಮೇಡಂ ಅಲ್ಲಿಂದಲೇ ಸ್ಕೂಟರಿನಲ್ಲಿ ಹಾರೋಹಳ್ಳಿಗೆ ಹೋದರು. ಕಾರ್ಖಾನೆಯವರು ಕ್ಯಾನು ಕೊಡಲಿಲ್ಲವಂತೆ, ಸಾರಜನಕವನ್ನು ದೊಡ್ಡ ಫ್ಲಾಸ್ಕಿನಲ್ಲಿ ತುಂಬಿಸಿ, ಸ್ವಂತ ಹಣ ಕೊಟ್ಟು ತಂದರು. ನಾನು ಅವರನ್ನು ಗೇಟಿನಲ್ಲಿ ತಡೆಯಬೇಕಾಯಿತು. ಖಾಸಗಿ ವಸ್ತುವನ್ನು ಸರ್ಕಾರಿ ಯಂತ್ರದೊಳಕ್ಕೆ ಸುರಿಯಲು ನಿರ್ದೇಶಕರ ಅನುಮತಿ ಬೇಕು. ಅದೂ ಅಲ್ಲದೆ ಗಬ್ಬದ ರಾಸು. ನಿರ್ದೇಶಕರು ಕನಕಪುರದಲ್ಲಿ ಒಂದು ಗೃಹಪ್ರವೇಶದಲ್ಲಿದ್ದರು. ಮೇಡಂ ಗೇಟಿನ ಹೊರಗಿನ ಕಲ್ಲಿನ ಮೇಲೆ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಅದರ ಬಾಯಿಂದ ಬಿಳಿ ಹೊಗೆ ಮೆಲ್ಲಗೆ ಹೋಗುತ್ತಲೇ ಇತ್ತು. ನಾನು ಕುರ್ಚಿ ಕಳಿಸಿದೆ, ಕೂರಲಿಲ್ಲ. ಕಾಫಿ ಕಳಿಸಿದೆ, ಕುಡಿಯಲಿಲ್ಲ. ಅನುಮತಿ ಬರುವ ಹೊತ್ತಿಗೆ ಫ್ಲಾಸ್ಕಿನಲ್ಲಿ ಏನೂ ಉಳಿದಿರಲಿಲ್ಲ. ಅನುಮತಿ ಮಾತ್ರ ಕ್ರಮಬದ್ಧವಾಗಿತ್ತು, ಆ ಒಂದು ಫ್ಲಾಸ್ಕಿಗೆ, ಆ ಒಂದು ದಿನಕ್ಕೆ.

ಇನ್ನೊಂದೇ ದಾರಿಯಿತ್ತು. ಶೋಧಕ ಕಂದು ಹಾಕಿದೆ, ಅಂದರೆ ಗರ್ಭ ಹೋಗಿದೆ ಎಂದು ದಾಖಲಿಸಿದರೆ ಅದು ಮತ್ತೆ ಸಾರಜನಕಕ್ಕೆ ಅರ್ಹವಾಗುತ್ತದೆ. ಇದನ್ನು ಹುಡುಕಿ ಹೇಳಿದವನು ನಾನೇ. ಮೇಡಂ ಆ ಕ್ಷಣವೇ ಅರ್ಜಿ ಬರೆದು, ಒಡತಿಯ ಹೆಬ್ಬೆಟ್ಟಿಗೆಂದು ಕಾವೇರಮ್ಮನ ಮನೆಗೆ ನನ್ನನ್ನೂ ಕರೆದುಕೊಂಡು ಹೋದರು. ಕಾವೇರಮ್ಮ ಹಾಲು ಕರೆಯುತ್ತಿದ್ದಳು. ವಿಷಯ ಕೇಳಿ ಅವಳ ಕೈ ನಿಂತಿತು.

"ಕಂದಾಕೈತೆ ಅಂತ ಬರುದ್ರೆ ಏನಾಯ್ತದೆ ಗೊತ್ತಾ ಮಗ? ಹೋದ್ವರ್ಸ ದೊಡ್ಡಿ ಆ ಕಡೆ ಮನೆ ಹಸ ಕಂದಾಕ್ತು. ರೋಗ ಅಂತವ ಊರ್ನ ಹಾಲೆಲ್ಲ ನಿಲ್ಸ್‌ಬುಟ್ರು. ಎಲ್ಲಾ ಹಸಿಂದೂ ರಕ್ತ ತಗದು, ಅದು ಎಲ್ಲಿಗೋ ಹೋಗಿ, ತಿರುಗಿ ಬರೋಗಂಟ ಹಾಲ್ನ ಮೋರಿಗೆ ಸುರುದ್ವಿ. ಮನೆಮನೇಲೂ ಮಕ್ಳ ಫೀಸು ನಿಂತೋಯ್ತು."

"ಆದರೆ ಕಾವೇರಮ್ಮ, ಅದು ಹಸುವೇ ಅಲ್ಲ. ರೋಗ ಎಲ್ಲಿಂದ ಬರುತ್ತೆ?"

"ನಂಗೊತ್ತು ಕನವ್ವ. ಡೈರಿಯೋರ್ಗೆ ಯಾರ್ ಹೇಳೋರು? ಕಿವೀಲಿ ವಾಲೆ ಐತಲ್ಲ." ಕಾವೇರಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ನೀನು ಹೇಳುದ್ರೆ ಹೆಬ್ಬೆಟ್ಟು ಒತ್ತೀನಿ. ಊರೋರು ನನ್ನ ಉಗುದ್ರೂ ಉಗೀಲಿ. ಆದ್ರೆ ನೀನು ನೋಡೋದು ಅಂತಾದ್ದೇನವ್ವ ಮ್ಯಾಲೆ ಇರೋದು?"

ಕಾವೇರಮ್ಮನ ಎಚ್ಚೆಫ್ ಹಸು ತಿರುಗಿ ನೋಡಿತು. ಪಕ್ಕದ ಮನೆಯವರು ಹಾಲಿನ ಕ್ಯಾನು ಹಿಡಿದು ಡೈರಿ ಕಡೆ ಹೊರಟಿದ್ದರು, ಅವರ ಹಿಂದೆ ಇನ್ನೊಂದು ಮನೆಯವರು. ಮೇಡಂ ಅವರನ್ನು ನೋಡಿದರು.

"ಧೂಳು ಕಾವೇರಮ್ಮ," ಎಂದರು ಆಮೇಲೆ. "ಬರೀ ಧೂಳು." ಅರ್ಜಿಯನ್ನು ನಾಲ್ಕಾಗಿ ಮಡಿಸಿ ಬ್ಯಾಗಿಗೆ ಹಾಕಿಕೊಂಡರು.

ಧೂಮಕೇತು ತೀರ ಹತ್ತಿರ ಬಂದ ದಿನ ಅವರು ಚಳಿಯಿಲ್ಲದ ಶೋಧಕವನ್ನೇ ಅತ್ತ ತಿರುಗಿಸಿ ಚಿತ್ರ ತೆಗೆದರಂತೆ. ಬೆಳಿಗ್ಗೆ ನನ್ನ ಮೇಜಿನ ಮೇಲಿತ್ತು. ಬಿಳುಪು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ಯಂತ್ರಕ್ಕೆ ತನ್ನ ಮೈಯ ಬಿಸಿ ಮಾತ್ರ ಕಂಡಿತ್ತು. ನನಗೆ ನಿಜವಾಗಿಯೂ ಬೇಜಾರಾಯಿತು. ಬೇಜಾರಾದಾಗ ನನಗೆ ಕೆಲಸ ಮಾಡಲಾಗುವುದಿಲ್ಲ, ಆದ್ದರಿಂದ ಅರ್ಧ ದಿನದ ಸಾಂದರ್ಭಿಕ ರಜೆ ಹಾಕಿದೆ.

ಮುಂದಿನ ತಿಂಗಳುಗಳಲ್ಲಿ ಗರ್ಭಿಣಿ ರಾಸಿನ ಪೌಷ್ಟಿಕ ಆಹಾರ ಬಂತು, ನಿರ್ದೇಶಕರ ಷಡ್ಡಕರಿಗೆ ಹೋಯಿತು. ಭಾದ್ರಪದದಲ್ಲಿ ದಿನ ತುಂಬಿತು. ಹುಟ್ಟಿದ ಕರುವನ್ನು ಪಶು ಪರೀಕ್ಷಕರಿಗೆ ತೋರಿಸಿ ಓಲೆ ಹಾಕಿಸತಕ್ಕದ್ದು ಎಂದಿತ್ತು. ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ ನನಗೆ ಉಗ್ರಾಣದಲ್ಲಿದ್ದ ಹಳೆಯ ಶೋಧಕದ ನೆನಪಾಯಿತು. ಗಾತ್ರದಲ್ಲಿ ಚಿಕ್ಕದು, ಬಣ್ಣ ಅದೇ ಬೂದಿ. ಒರೆಸಿ ಹೊಸದರ ಪಕ್ಕದಲ್ಲಿಟ್ಟೆವು.

ಮರಿಯಪ್ಪ ಬಗ್ಗಿ ನೋಡಿದ. "ತಾಯಿ ಹೋಲಿಕೆ ಚೆನ್ನಾಗೈತೆ ಸಾರ್. ಹೆಣ್ಣು ಅಂತ ಬರ್ಕೋತೀನಿ."

ಹಳೆಯ ಶೋಧಕವು ಹೊಸದರ ಮಗಳಾದುದರಿಂದ ಅದನ್ನು ಗುಜರಿಗೆ ಹಾಕುವ ಕಡತ ತಾನಾಗಿಯೇ ಮುಕ್ತಾಯವಾಯಿತು. ಕರುವಿನ ಹಕ್ಕು ಒಡತಿಯದು. ಕಾವೇರಮ್ಮ ಅದನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಗೆ ಒಯ್ದಳು. ಈಗ ಅದರಲ್ಲಿ ರಾಗಿಹಿಟ್ಟು ಇಡುತ್ತಾಳೆ, ಹುಳು ಬೀಳುವುದಿಲ್ಲವಂತೆ. ಅದೇ ವಾರ ಅವಳ ಎಚ್ಚೆಫ್ ಹಸುವೂ ಈದಿತ್ತು. ಎರಡೂ ಬಾಣಂತನದ ಲೆಕ್ಕದಲ್ಲಿ ಅವಳು ಗಿಣ್ಣು ಕಾಯಿಸಿ ಕಚೇರಿಗೆ ತಂದಳು. ಎಲ್ಲರೂ ಚಪ್ಪರಿಸಿ ತಿಂದೆವು. ಶ್ರುತಿ ಮೇಡಂ ಎರಡನೇ ಸಲವೂ ಹಾಕಿಸಿಕೊಂಡರು. ಅವರು ನಗುತ್ತಿದ್ದುದನ್ನು ನಾನು ಬಹಳ ದಿನದ ಮೇಲೆ ನೋಡಿದೆ. ಆ ನಗು ಮೊದಲಿನ ಹಾಗಿರಲಿಲ್ಲ.

ವಾರ್ಷಿಕ ವರದಿಯನ್ನು ಅವರೇ ಬರೆದರು. ನಾನು ಒಂದಕ್ಷರ ತಿದ್ದಲಿಲ್ಲ. 'ಧೂಮಕೇತು: ವೀಕ್ಷಿಸಲಾಗಿಲ್ಲ. ಶೋಧಕ: ಸುಖಪ್ರಸವ. ತಾಯಿ ಮತ್ತು ಕರು ಕ್ಷೇಮ.' ಕೇಂದ್ರ ಕಚೇರಿಯಿಂದ ಅಭಿನಂದನೆ ಬಂತು. ಶೋಧಕಗಳನ್ನು ಇಷ್ಟು ಕಡಿಮೆ ವೆಚ್ಚದಲ್ಲಿ ಹೆಚ್ಚಿಸಿಕೊಳ್ಳಬಹುದೆಂದು ತಮಗೆ ತಿಳಿದಿರಲಿಲ್ಲವೆಂದೂ, ಉಳಿದ ವೀಕ್ಷಣಾಲಯಗಳೂ ಸದರಿ ಕ್ರಮವನ್ನು ಅನುಸರಿಸಬೇಕೆಂದೂ ಸುತ್ತೋಲೆ ಹೊರಡಿಸಿದ್ದಾರೆ.

ಕಳೆದ ತಿಂಗಳು ಮೇಡಂ ನನ್ನ ಬಳಿ ಬಂದು ಕುಳಿತರು. ಒಂದು ಕಾಲದಲ್ಲಿ ಧೂಮಕೇತುವಿನ ದಾರಿ ಬರೆಯುತ್ತಿದ್ದ ಹಾಳೆಗಳಲ್ಲಿ ಈಗ ಹಸು ಬೆದೆಗೆ ಬರುವ ದಿನ, ಇಂಜೆಕ್ಷನ್ನಿನ ದಿನ, ಹಾಲು ಬತ್ತಿಸುವ ದಿನ ಎಲ್ಲವನ್ನೂ ಅಂದವಾಗಿ ಗುರುತು ಮಾಡಿದ್ದರು. ಮುಂದಿನ ಚೈತ್ರದಲ್ಲಿ ಇನ್ನೊಂದು ಚಿಕ್ಕ ಧೂಮಕೇತು ಬರುವುದಂತೆ. "ಪುಷ್ಯದವರೆಗೆ ಬೆದೆಗೆ ಬಂದಿಲ್ಲ ಅಂತ ಮರಿಯಪ್ಪ ಬರೆದರೆ ಸಾಕು ಸರ್. ಆಮೇಲೆ ಮೂರು ಇಂಜೆಕ್ಷನ್, ಮೂರು ಕ್ಯಾನ್. ಚೈತ್ರ ದಾಟುತ್ತೆ. ಅದಾದ ಮೇಲೆ ಬೇಕಾದರೆ ಗಬ್ಬ ಆಗಲಿ." ಲೆಕ್ಕ ತಪ್ಪಿರಲಿಲ್ಲ. ಅಂಥ ಬುದ್ಧಿವಂತರು ನಮ್ಮ ಕಚೇರಿಯಲ್ಲಿರುವುದು ನನಗೆ ಹೆಮ್ಮೆ.

ನಿನ್ನೆ ಆ ಪತ್ರಿಕೆಯವರು ಇಲ್ಲಿದ್ದಾಗಲೇ ಕನಕಪುರದ ಶಾಲೆಯೊಂದರ ಮಕ್ಕಳು ದೂರದರ್ಶಕ ನೋಡಲು ಬಂದಿದ್ದರು. ಗದ್ದಲ ಮಾಡುತ್ತ ಬಾಗಿಲಿಗೆ ನುಗ್ಗಿದವರನ್ನು ಶ್ರುತಿ ಮೇಡಂ ತುಟಿಯ ಮೇಲೆ ಬೆರಳಿಟ್ಟು ತಡೆದರು.

"ಗಲಾಟೆ ಮಾಡಬ್ಯಾಡಿ. ಚಪ್ಪಲಿ ಹೊರಗೆ ಬುಡಿ. ಹಸ ಒಳಗೈತೆ, ಬಾಣಂತಿ."

ಪತ್ರಿಕೆಯವರು ನನ್ನ ಮುಖ ನೋಡಿದರು. ಮೇಡಂ ನಗುತ್ತಿರಲಿಲ್ಲ. ಮಕ್ಕಳು ಸಾಲಾಗಿ ಚಪ್ಪಲಿ ಬಿಟ್ಟು ಸದ್ದಿಲ್ಲದೆ ಒಳಗೆ ಹೋದರು. ಆಮೇಲೆ ಪತ್ರಿಕೆಯವರೂ ಶೂ ಬಿಚ್ಚಿದರು.